ಮ್ಯಾರಥಾನ್ ಮುಗಿದ ಮೇಲೆ ಕಾಲಿಗೆ ಏನು ಮಾಡುತ್ತೀರಿ?

ಕೇಳಿದವರು, ಚಿಕ್ಕಬಳ್ಳಾಪುರ: ಭಾನುವಾರ ಬೆಂಗಳೂರಿನಲ್ಲಿ ಮೊದಲ ಸಲ ಫುಲ್ ಮ್ಯಾರಥಾನ್ ಓಡಿದೆ, 42.195 ಕಿ.ಮೀ. ಸೋಮವಾರ ಹೇಗೋ ಕೆಲಸಕ್ಕೆ ಹೋದೆ. ಇವತ್ತು ಮಂಗಳವಾರ, ನೋವು ಇನ್ನೂ ಜಾಸ್ತಿಯಾಗಿದೆ. ಮೆಟ್ಟಿಲು ಹತ್ತಬಹುದು, ಇಳಿಯೋಕೆ ಆಗುತ್ತಿಲ್ಲ. ಬರುವ ಭಾನುವಾರ ನಂದಿ ಬೆಟ್ಟಕ್ಕೆ ಓಡೋಣ ಎಂದು ಗೆಳೆಯರು ಕರೆಯುತ್ತಿದ್ದಾರೆ. ಹೋಗಬಹುದಾ? ಅಷ್ಟರಲ್ಲಿ ಕಾಲಿಗೆ ಏನು ಮಾಡಲಿ?

ತುಮಕೂರಿನಿಂದ: ಮೊದಲಿಗೆ, ಫುಲ್ ಮುಗಿಸಿದ್ದಕ್ಕೆ ಅಭಿನಂದನೆ ಸರ್. ಎರಡನೇ ದಿನ ನೋವು ಏರುವುದು ಮಾಮೂಲು. 24ರಿಂದ 72 ಗಂಟೆಯೊಳಗೆ ಅದು ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಎಂದು ಜಿಮ್‌ನಲ್ಲಿ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಬನ್ನಿ. ಓಟ ನಿಂತ ಒಂದೆರಡು ಗಂಟೆಯಲ್ಲೇ ಅದು ಹೊರಟುಹೋಗಿರುತ್ತದೆ. ಈಗ ನೋಯುತ್ತಿರುವುದು ಸ್ನಾಯುವಿನ ಎಳೆಗಳಿಗೆ ಬಿದ್ದ ಸಣ್ಣ ಸಣ್ಣ ಪೆಟ್ಟು. ಪ್ರತಿ ಹೆಜ್ಜೆ ಊರುವಾಗಲೂ ತೊಡೆಯ ಮುಂಭಾಗ ಉದ್ದಕ್ಕೆ ಎಳೆದುಕೊಳ್ಳುತ್ತಲೇ ಮೈಭಾರ ತಡೆಯಬೇಕು. ಮೆಟ್ಟಿಲು ಇಳಿಯುವಾಗಲೂ ಅದಕ್ಕೆ ಅದೇ ಕೆಲಸ.

ನಾನು ಮಲಗಿಯೇ ಇರುವುದಿಲ್ಲ. ಸಂಜೆ ಅಮಾನಿಕೆರೆ ದಡದಲ್ಲಿ ಅಜ್ಜಂದಿರ ಜೊತೆ ಅವರದೇ ವೇಗದಲ್ಲಿ ನಡೆಯುತ್ತೇನೆ. ಕೆಲವರು ನನ್ನನ್ನೂ ದಾಟಿ ಹೋಗುತ್ತಾರೆ, ಪರವಾಗಿಲ್ಲ. ಜೋರಾಗಿ ಸ್ಟ್ರೆಚ್ ಮಾಡುವುದಿಲ್ಲ.

ಇನ್ನು ಊಟ. ಮುದ್ದೆ ತಿಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ನಮ್ಮಲ್ಲಿ ಜಾಸ್ತಿ. ಖಾಲಿಯಾದ ಶಕ್ತಿ ತುಂಬೋಕೆ ಮುದ್ದೆ ಒಳ್ಳೆಯದೇ, ಕ್ಯಾಲ್ಸಿಯಮ್ಮೂ ಚೆನ್ನಾಗಿದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ. ಹೊತ್ತಿಗೆ 20–25 ಗ್ರಾಂ ಸಿಗಬೇಕೆಂದರೆ ಸಾರಿನಲ್ಲಿ ಮೊಳಕೆ ಹುರುಳಿ ಗಟ್ಟಿಯಾಗಿರಬೇಕು, ಪಕ್ಕದಲ್ಲಿ ಮೊಟ್ಟೆಯೋ ಮೊಸರೋ ಇರಬೇಕು. ಬರೀ ತಿಳಿಸಾರಿನಲ್ಲಿ ಮುದ್ದೆ ನುಂಗಿದರೆ ಸಾಲದು. ಆಮೇಲೆ ನಿದ್ದೆ. ರಾತ್ರಿ ಮೊಬೈಲ್ ದೂರ ಇಡಿ. ಇದಕ್ಕಿಂತ ದೊಡ್ಡ ಔಷಧಿ ನನಗಂತೂ ಸಿಕ್ಕಿಲ್ಲ.

ಕೋಲಾರದಿಂದ: ನಾನು ತಣ್ಣೀರಿನ ಕಡೆಯವನು. ಓಡಿದ ದಿನವೇ ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ನೀರು, ಐಸ್ ಹಾಕಿ 10 ನಿಮಿಷ ಕಾಲಿಟ್ಟು ಕೂರುತ್ತೇನೆ. 10–15 ಡಿಗ್ರಿ ಸಾಕು, ಮರಗಟ್ಟುವಷ್ಟು ಬೇಡ. ನೋವು ತಗ್ಗಿದಂತೆ ಇರುತ್ತದೆ. ಸ್ನಾಯು ಬೇಗ ಕೂಡಿಕೊಳ್ಳುತ್ತದೆ ಎಂದೇನೂ ಅಲ್ಲ. ಮನೆಯಲ್ಲಿ ಅಮ್ಮ ಮಾತ್ರ ಹರಳೆಣ್ಣೆ ಹಚ್ಚಿ ಬಿಸಿನೀರು ಹುಯ್ಯಿ ಎನ್ನುತ್ತಾರೆ. ಈಗ ನಿಮಗೆ ಎರಡು ದಿನ ಕಳೆದಿದೆ ಅಲ್ವಾ, ಅಮ್ಮನ ದಾರಿ ಹಿಡಿಯಿರಿ. ಮೆಲ್ಲಗೆ ಸವರಿ, ಅದುಮಿ ತಿಕ್ಕಬೇಡಿ.

ಚಿಂತಾಮಣಿಯಿಂದ: ಇಂಡಿಯನ್ ಟಾಯ್ಲೆಟ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ! ಕೂತರೆ ಏಳೋಕೆ ಆಗುವುದಿಲ್ಲ. ಒಳಗೆ ಒಂದು ಗಟ್ಟಿ ಸ್ಟೂಲ್ ಇಟ್ಟುಕೊಳ್ಳಿ, ಹಿಡಿದು ಏಳಬಹುದು.

ತಿಪಟೂರಿನಿಂದ: ನಾನು ನರ್ಸ್, ಹಾಫ್ ಮ್ಯಾರಥಾನ್ ಓಡುತ್ತೇನೆ. ಓಡಿ ಬಂದ ತಕ್ಷಣ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗುವ ಅಭ್ಯಾಸ ಬಿಡಿ. ಮೈಯಲ್ಲಿ ನೀರು ಕಡಿಮೆಯಾದಾಗ ಅದು ಕಿಡ್ನಿಗೆ ಹೊಡೆತ. ಹಾಗೆಂದು ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ತಪ್ಪು, ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತದೆ. ಬಾಯಾರಿದಷ್ಟು ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ.

ಎರಡೂ ಕಾಲು ಒಂದೇ ರೀತಿ ನೋಯುತ್ತಿದ್ದರೆ ಕಾಯಬಹುದು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರೂ ಕಟ್ಟಿದರೆ ಒಂದು ನಿಮಿಷವೂ ತಡಮಾಡಬೇಡಿ. ಮೂಳೆಯ ಮೇಲೆ ಬೆರಳಿಟ್ಟು ತೋರಿಸುವಂತೆ ಒಂದೇ ಜಾಗ ನೋಯುತ್ತಿದ್ದರೆ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಗೌರಿಬಿದನೂರಿನಿಂದ: ನಂದಿ ಈ ಭಾನುವಾರ ಬೇಡ ತಮ್ಮಾ. ಹತ್ತುವುದು ಹೇಗೋ ಆಗುತ್ತದೆ, ಆ ತಿರುವುಗಳಲ್ಲಿ ಇಳಿದು ಬರುವಾಗ ಪೆಟ್ಟು ಬಿದ್ದ ತೊಡೆಗೇ ಮತ್ತೆ ಪೆಟ್ಟು. ಗೆಳೆಯರು ಬಿಡದಿದ್ದರೆ ಬೈಕ್‌ನಲ್ಲಿ ಹೋಗಿ ಟೀ ಕುಡಿದು ಬಾ. ಒಂದು ವಾರ ಬರೀ ನಡಿಗೆ, ಎರಡನೇ ವಾರ ಮಣ್ಣಿನ ಮೈದಾನದಲ್ಲಿ ನಿಧಾನ ಓಟ, ಅದೂ ಮೆಟ್ಟಿಲು ಇಳಿಯುವಾಗ ನೋವಿಲ್ಲದಿದ್ದರೆ. ಬೆಟ್ಟ ಆಮೇಲೆ. ಶುರುವಿನಲ್ಲಿ ಸ್ವಲ್ಪ ದೂರ ಮಾತ್ರ ಓಡುತ್ತಾ ಇಳಿ, ವಾರ ವಾರ ಹೆಚ್ಚಿಸು. ಹೀಗೆ ಪಳಗಿದ ತೊಡೆ ಮುಂದಿನ ಮ್ಯಾರಥಾನ್‌ನಲ್ಲಿ ಇಷ್ಟು ನೋಯುವುದಿಲ್ಲ.