ಟ್ರಾನ್ಸ್‌ಫಾರ್ಮರ್ ಮೂಲೆಯ ಕಸ: ತೆಗೆದ ಮೂರನೇ ದಿನಕ್ಕೆ ಮತ್ತೆ ಬೀಳದಂತೆ ಮಾಡುವುದು ಹೇಗೆ?

ಅಡ್ಡರಸ್ತೆ_ಬಳಗ:
ಬೆಂಗಳೂರಿನ ಹಳೇ ಬಡಾವಣೆ. ಕಾಲೇಜು ಹುಡುಗ ಹುಡುಗಿಯರು 15 ಮಂದಿ ಇದ್ದೇವೆ. ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ 20 ಅಡಿ ಉದ್ದ, 5 ಅಡಿ ಎತ್ತರದ ಗೋಡೆ. ಅದರ ಬುಡದಲ್ಲೇ ಕಸ. ಪಾಲಿಕೆಯವರು ಎತ್ತಿಸಿದರೂ ಮೂರು ದಿನಕ್ಕೆ ಮತ್ತೆ ರಾಶಿ. ಒಂದು ಭಾನುವಾರ ನಾವೇ ಇಳಿಯಬೇಕೆಂದಿದ್ದೇವೆ. ಏನೇನು ಬೇಕು?

ಸಲಿಕೆ_ಬಾಣಲಿ:
ಭಾನುವಾರಕ್ಕೆ ಮೊದಲು ಒಂದು ವಾರ ಸುಮ್ಮನೆ ನೋಡಿ. ಬೆಳಗ್ಗೆ 5ರಿಂದ 9, ರಾತ್ರಿ 8ರಿಂದ 11, ಸರದಿಯಂತೆ ಇಬ್ಬಿಬ್ಬರು. ಯಾರು, ಎಷ್ಟು ಹೊತ್ತಿಗೆ, ಯಾವ ಕಸ ಅಂತ ಬರೆದಿಡಿ. ಫೋಟೊ ತೆಗೆಯಬೇಡಿ, ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಇಂಥ ಮೂಲೆಗೆ ಕಸ ಬರುವುದು ಸಾಮಾನ್ಯವಾಗಿ ಆಟೊ ಟಿಪ್ಪರ್ ಬರುವ ಮುಂಚೆಯೇ ಕೆಲಸಕ್ಕೆ ಹೊರಡುವವರಿಂದ, ಪಿಜಿಗಳಿಂದ, ಕೋಳಿ ಅಂಗಡಿಯಿಂದ, ಸ್ಕೂಟರ್‌ನಲ್ಲಿ ಹೋಗುತ್ತಾ ಎಸೆಯುವವರಿಂದ. ಪ್ರತಿಯೊಬ್ಬರಿಗೂ ಪರಿಹಾರ ಬೇರೆ. ಟಿಪ್ಪರ್ ಸಮಯ ತಪ್ಪುವವರ ಕಸ ಇಟ್ಟುಕೊಳ್ಳಲು ಪಕ್ಕದ ಮನೆಯವರನ್ನು ಒಪ್ಪಿಸಬಹುದು. ದಿನಕ್ಕೆ 100 ಕೆಜಿಗಿಂತ ಹೆಚ್ಚು ಕಸ ಮಾಡುವವರನ್ನು ಘನತ್ಯಾಜ್ಯ ನಿಯಮಗಳೇ ಬೇರೆ ವರ್ಗಕ್ಕೆ ಸೇರಿಸಿವೆ. ಅಂಥ ಹೋಟೆಲ್, ಮಂಟಪ ಇದ್ದರೆ ಆರೋಗ್ಯ ನಿರೀಕ್ಷಕರಿಗೆ ಲಿಖಿತವಾಗಿ ಕೊಡಿ.

ಪೌರಕಾರ್ಮಿಕರ ಜೊತೆ ಮೊದಲೇ ಮಾತಾಡಿ. ಆ ಮೂಲೆಯ ಕಥೆ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಖಚಿತವಾಗದೆ ರಾಶಿಗೆ ಕೈ ಹಾಕಬೇಡಿ, ಕಟ್ಟಿಟ್ಟ ಮೂಟೆಗಳೇ ಹೊಸ ರಾಶಿಯಾಗುತ್ತವೆ.

ಸುಣ್ಣ_ಕೆಮ್ಮಣ್ಣು:
ಸಾಮಾನು: ಸಲಿಕೆ 4, ಗುದ್ದಲಿ 2, ಬಾಣಲಿ 6, ಕಡ್ಡಿ ಪೊರಕೆ 4, ಗೋಣಿಚೀಲ 30, ಎಲ್ಲರಿಗೂ ದಪ್ಪ ರಬ್ಬರ್ ಗ್ಲೌಸ್, ಮಾಸ್ಕ್, ಬೂಟು. ಗಾಜು, ಸಿರಿಂಜ್ ಇದ್ದೇ ಇರುತ್ತವೆ. ಅವನ್ನು ಇಕ್ಕಳದಲ್ಲಿ ಎತ್ತಿ ಗಟ್ಟಿ ಡಬ್ಬಕ್ಕೆ ಹಾಕಿ, ಚೀಲಕ್ಕಲ್ಲ. ಟಿಟಿ ಇಂಜೆಕ್ಷನ್ ಆಗಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕಟ್ಟಡದ ಡೆಬ್ರಿಸ್ ಬೇರೆ ಗುಡ್ಡೆ ಹಾಕಿ, ಕಸದ ಗಾಡಿಯವರು ಅದನ್ನು ಒಯ್ಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಬೇಲಿಯ ಒಳಗೆ ಯಾರೂ ಕಾಲಿಡಬಾರದು, ಆ ಕಡೆಗೆ ನೀರೂ ಎರಚಬಾರದು. ಒಳಗಿನ ಕಸಕ್ಕೆ ಬೆಸ್ಕಾಂ ಲೈನ್‌ಮನ್ ಬರಲಿ.

ರಾಶಿ ತೆಗೆದ ಮೇಲೆ ನೆಲ ನೋಡಿ, ಹೆಚ್ಚಿನವರು ಇಲ್ಲೇ ಸೋಲುವುದು. ಹೊಂಡವಿದ್ದರೆ ನೀರು ನಿಲ್ಲುತ್ತದೆ, ವಾಸನೆ ಬರುತ್ತದೆ, ವಾಸನೆ ಇದ್ದ ಕಡೆ ಕಸ ಹಾಕಲು ಯಾರಿಗೂ ಸಂಕೋಚವಿಲ್ಲ. ಇಟ್ಟಿಗೆ ಚೂರು ತುಂಬಿ, ಮೇಲೆ ಜಲ್ಲಿಪುಡಿ ಹರಡಿ, ದಮ್ಮಸ್ಸು ಮಾಡಿ ಚರಂಡಿ ಕಡೆಗೆ ಸ್ವಲ್ಪ ಇಳಿಜಾರು ಕೊಡಿ.

ಗೋಡೆಯ ಮಾಲೀಕರ ಒಪ್ಪಿಗೆ ಪಡೆದು ಕೆರೆದು, ಒಣಗಿಸಿ, ಒಂದು ಕೋಟ್ ಸಿಮೆಂಟ್ ಪ್ರೈಮರ್, ಎರಡು ಕೋಟ್ ಹೊರಗೋಡೆಯ ಎಮಲ್ಷನ್. ನಿಮ್ಮ 100 ಚದರಡಿಗೆ ತಿಳಿ ಬಣ್ಣ 2 ಲೀಟರ್, ಕೆಳಗಿನ ಒಂದೂವರೆ ಅಡಿ ಪಟ್ಟಿಗೆ ಕೆಮ್ಮಣ್ಣಿನ ಬಣ್ಣ 1 ಲೀಟರ್ ಸಾಕು. ಮಳೆಯ ಕೆಸರು, ಎಲೆಅಡಿಕೆ ಕಲೆ ಆ ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ. 2010ರಿಂದ ಬೆಂಗಳೂರಿನಲ್ಲಿ ಇಂಥ ಮೂಲೆಗಳನ್ನು ಸರಿಪಡಿಸುತ್ತಾ ಬಂದ 'ದಿ ಅಗ್ಲಿ ಇಂಡಿಯನ್' ಗುಂಪಿನ ಕೆಲಸದಲ್ಲೂ ಈ ಪಟ್ಟಿ ಕಾಣುತ್ತದೆ. ಡಿಸ್ಟೆಂಪರ್ ಬೇಡ, ಮೊದಲ ಮಳೆಗೇ ಇಳಿಯುತ್ತದೆ. ಸುಣ್ಣ ಬಳಿಯುವುದಾದರೆ ಹಿಂದಿನ ದಿನವೇ ತಗಡಿನ ಡ್ರಮ್ಮಿನಲ್ಲಿ ಅರಳಿಸಿ. ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ತಡೆಯುವುದಿಲ್ಲ, ಕಣ್ಣಿಗೆ ಸಿಡಿದರೆ ಅಪಾಯ.

ಅಡ್ಡರಸ್ತೆ_ಬಳಗ:
ಗೋಡೆಗೆ ದೇವರ ಟೈಲ್ಸ್ ಹಾಕಿ ಅನ್ನುತ್ತಾರೆ. ಹೂಕುಂಡ?

ಸಲಿಕೆ_ಬಾಣಲಿ:
ದೇವರ ಟೈಲ್ಸ್ ಬೇಡ. ನಾಳೆ ಅದರ ಮುಂದೆಯೇ ಕಸ ಬಿದ್ದರೆ ಮನಸ್ಸುಗಳು ಕೆಡುತ್ತವೆ, ಕಸದ ಮಾತು ಬೇರೆಲ್ಲಿಗೋ ಹೋಗುತ್ತದೆ. ಕುಂಡ ಇಡುವುದಾದರೆ ಮಣ್ಣು ತುಂಬಿದ ಮೇಲೆ ಇಬ್ಬರಿಂದಲೂ ಎತ್ತಲಾಗದ ಸಿಮೆಂಟ್ ಕುಂಡ, ಅದೂ ನೀರು ಹಾಕುವ ಮನೆ ಗೊತ್ತಾದ ಮೇಲೆ. ಒಣಗಿದ ಕುಂಡ ಕಸದ ಬುಟ್ಟಿಯಾಗುತ್ತದೆ. ಎದುರು ಮನೆಯವರು ದಿನಾ ಅಲ್ಲೊಂದು ರಂಗೋಲಿ ಹಾಕಲು ಒಪ್ಪಿದರೆ ಕುಂಡಕ್ಕಿಂತ ಒಳ್ಳೆಯದು.

ಭಾನುವಾರದ ಕೆಲಸ ಅರ್ಧ ಮಾತ್ರ. ಮುಂದಿನ 21 ದಿನ ಬೆಳಗ್ಗೆ 6ಕ್ಕೆ ಮತ್ತು ರಾತ್ರಿ 10ಕ್ಕೆ ಒಬ್ಬರು ಹೋಗಿ ನೋಡಬೇಕು. ಬಿದ್ದ ಮೊದಲ ಚೀಲವನ್ನು ಗಂಟೆಯೊಳಗೆ ಎತ್ತಿ, ಇಲ್ಲವೆಂದರೆ ನಾಯಿ ಹರಿದು ಹರಡುತ್ತದೆ, ಅದನ್ನು ಕಂಡವರು ಎರಡನೆಯದು ಹಾಕುತ್ತಾರೆ. ಎತ್ತಿದ ಚೀಲ ಮರುದಿನದ ಟಿಪ್ಪರ್‌ಗೆ ಹೋಗುವವರೆಗೆ ಯಾರ ಮನೆಯ ಡ್ರಮ್ಮಿನಲ್ಲಿರುತ್ತದೆ ಎಂಬುದನ್ನು ಭಾನುವಾರವೇ ತೀರ್ಮಾನಿಸಿ. ಪರೀಕ್ಷೆ ಹತ್ತಿರವಿದ್ದರೆ ಈ ತಿಂಗಳು ಶುರು ಮಾಡಬೇಡಿ.