18 ದಿನಗಳ ಕಚ್ಚಾದಾರಿ ಪ್ರವಾಸ: ಸಾಮಾನಿನ ಪಟ್ಟಿಗೆ ಇನ್ನೇನು ಸೇರಿಸಬೇಕು?

ಪ್ರಶ್ನೆ

ಒಣಹವೆಯ ತಿಂಗಳಲ್ಲಿ ನಾವು ಮೂವರು ಒಂದೇ ವಾಹನದಲ್ಲಿ 18 ದಿನಗಳ ಪ್ರವಾಸ ಹೊರಡಲಿದ್ದೇವೆ. ಎರಡು ಮೂರು ರಾತ್ರಿ ಟೆಂಟ್ ಹಾಕಿ ತಂಗಿದ ಅನುಭವ ಎಲ್ಲರಿಗೂ ಇದೆ. ಇಷ್ಟು ದೀರ್ಘವಾದದ್ದು ಇದೇ ಮೊದಲು. ವಾಹನವು ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗಿಯರ್) ಇರುವ ಡೀಸೆಲ್ ಫೋರ್ ವ್ಹೀಲ್ ಡ್ರೈವ್. ಅದರ ಗರಿಷ್ಠ ಒಟ್ಟು ತೂಕ 2,850 ಕಿಲೋ, ಖಾಲಿ ತೂಕ 2,200 ಕಿಲೋ, ಟ್ಯಾಂಕ್ 80 ಲೀಟರಿನದು. ಎರಡು ಇಂಧನ ಕೇಂದ್ರಗಳ ನಡುವಿನ ಅತಿ ದೊಡ್ಡ ಅಂತರ 620 ಕಿಲೋಮೀಟರ್. ಅದರಲ್ಲಿ ಸುಮಾರು 180 ಕಿಲೋಮೀಟರ್ ಸಡಿಲ ಮರಳು, ಉಳಿದದ್ದು ಜಲ್ಲಿಯ ದಾರಿ. ನೀರು ಸಿಗದೆ ಕಳೆಯಬೇಕಾದ ಅತಿ ದೀರ್ಘ ಅವಧಿ ನಾಲ್ಕು ದಿನ. ಎರಡು ಕಡೆ ಹೊಳೆ ದಾಟಬೇಕು, ಒಂದು ಕಡೆ ಮೂರು ರಾತ್ರಿ ಒಂದೇ ಜಾಗದಲ್ಲಿ ತಂಗುತ್ತೇವೆ.

ಈವರೆಗೆ ಪಟ್ಟಿ ಮಾಡಿಕೊಂಡದ್ದು ಹೀಗಿದೆ: ರೂಫ್ ರ‍್ಯಾಕ್, ರೂಫ್ ಟೆಂಟ್, ಉಕ್ಕಿನ ಬಂಪರ್ ಮತ್ತು ವಿಂಚ್ (ಹಗ್ಗ ಸುತ್ತಿ ವಾಹನವನ್ನು ಎಳೆಯುವ ಯಂತ್ರ), 80 ಲೀಟರ್ ನೀರು, ಮೂರು ಜೆರಿಕ್ಯಾನುಗಳಲ್ಲಿ 60 ಲೀಟರ್ ಡೀಸೆಲ್, 12 ವೋಲ್ಟ್ ಫ್ರಿಜ್, 100 ಆಂಪಿಯರ್-ಅವರಿನ ಎರಡನೆಯ ಬ್ಯಾಟರಿ (ಎಜಿಎಂ ಎಂಬ ಮುಚ್ಚಿದ ಸೀಸ-ಆಮ್ಲದ ಬಗೆಯದು), ಹಿಂಭಾಗದ ಮರದ ಡ್ರಾಯರುಗಳು, ಎತ್ತರದ ಜಾಕ್ ಸೇರಿದಂತೆ ಹೂತ ವಾಹನವನ್ನು ಬಿಡಿಸುವ ಸಲಕರಣೆ, ಉಪಕರಣಗಳ ಪೆಟ್ಟಿಗೆ, ಎರಡನೆಯ ಸ್ಟೆಪ್ನಿ, ಅಡುಗೆ ಸಾಮಾನು, ಬಟ್ಟೆಬರೆ. ರೂಫ್ ಟೆಂಟ್, ಜೆರಿಕ್ಯಾನುಗಳು ಮತ್ತು ಎರಡನೆಯ ಸ್ಟೆಪ್ನಿಯನ್ನು ರ‍್ಯಾಕಿನ ಮೇಲೆ ಇಡುವ ಯೋಚನೆಯಿದೆ. ಇದರಲ್ಲಿ ಏನನ್ನು ಮರೆತಿದ್ದೇವೆ, ಇನ್ನೇನು ಸೇರಿಸಬೇಕು ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ಏನನ್ನು ಸೇರಿಸಬೇಕೆಂಬುದನ್ನು ಸದ್ಯಕ್ಕೆ ಬದಿಗಿಟ್ಟು, ಪಟ್ಟಿಯ ಒಂದೊಂದು ವಸ್ತುವಿನ ಮುಂದೆ ಅದರ ತೂಕವನ್ನು ಬರೆಯಿರಿ. 2,850ರಲ್ಲಿ 2,200 ಕಳೆದರೆ ನಿಮಗೆ ಉಳಿಯುವುದು 650 ಕಿಲೋ, ಮತ್ತು ಆ 650ರೊಳಗೆ ನೀವು ಮೂವರೂ ಸೇರಿರುತ್ತೀರಿ. ಖಾಲಿ ತೂಕವೆಂದರೆ ಟ್ಯಾಂಕ್ ತುಂಬಿದ ತೂಕವೋ ಅಲ್ಲವೋ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಕೈಪಿಡಿಯಲ್ಲಿ ಅದನ್ನೂ ನೋಡಿಕೊಳ್ಳಿ. 80 ಲೀಟರ್ ಡೀಸೆಲ್ ಎಂದರೆ ಸುಮಾರು 67 ಕಿಲೋ.

ನಿಮ್ಮ ಪರವಾಗಿ ನಾನೇ ಅಂದಾಜು ಕೂಡಿಸಿ ನೋಡಿದೆ. ಮೂವರು 225, ಬಂಪರ್ ಮತ್ತು ವಿಂಚ್ 75, ರ‍್ಯಾಕ್ 30, ರೂಫ್ ಟೆಂಟ್ 65, ನೀರು 80, ಡೀಸೆಲ್ ಮತ್ತು ಕ್ಯಾನುಗಳು 62, ತುಂಬಿದ ಫ್ರಿಜ್ 45, ಬ್ಯಾಟರಿ 30, ಡ್ರಾಯರುಗಳು 60, ಬಿಡಿಸುವ ಸಲಕರಣೆ 35, ಉಪಕರಣಗಳು 30, ಸ್ಟೆಪ್ನಿ 32, ಅಡುಗೆಯದು 40, ಬಟ್ಟೆ ಹಾಸಿಗೆ 45. ಒಟ್ಟು 854 ಕಿಲೋ. ಇನ್ನೂ ಏನನ್ನೂ ಸೇರಿಸುವ ಮೊದಲೇ ಮಿತಿಗಿಂತ 204 ಕಿಲೋ ಹೆಚ್ಚು. ಗಟ್ಟಿಯಾದ ಸ್ಪ್ರಿಂಗ್ ಹಾಕಿಸಿದರೆ ಸಾಕೆಂದು ಕೆಲವರು ಹೇಳಬಹುದು. ಸ್ಪ್ರಿಂಗ್ ವಾಹನದ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆಯೇ ಹೊರತು ಬ್ರೇಕ್, ಆಕ್ಸಲ್, ಬೇರಿಂಗ್, ಚಾಸಿಗಳ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಅಲೆಅಲೆಯಾದ ಜಲ್ಲಿಯ ದಾರಿಯಲ್ಲಿ ನೂರಾರು ಕಿಲೋಮೀಟರ್ ಕುಲುಕಿದಾಗ ಮೊದಲು ಸೋಲುವುದು ಇವೇ.

ಚಾವಣಿಯ ಲೆಕ್ಕ ಇನ್ನೂ ಆತಂಕದ್ದು. ರ‍್ಯಾಕ್, ಟೆಂಟ್, ಕ್ಯಾನುಗಳು, ಸ್ಟೆಪ್ನಿ ಕೂಡಿದರೆ 189 ಕಿಲೋ. ಚಲಿಸುವಾಗ ಚಾವಣಿ ಹೊರಬಲ್ಲ ಭಾರ ಬಹಳಷ್ಟು ವಾಹನಗಳಲ್ಲಿ 100 ಕಿಲೋದ ಆಸುಪಾಸಿನಲ್ಲೇ ಇರುತ್ತದೆ, ರ‍್ಯಾಕಿನ ತೂಕವೂ ಅದರೊಳಗೇ ಬರುತ್ತದೆ, ಮತ್ತು ಕಚ್ಚಾದಾರಿಯಲ್ಲಿ ಅದಕ್ಕಿಂತಲೂ ಕಡಿಮೆ ಹೇರಬೇಕೆಂದು ಕೆಲವು ತಯಾರಕರು ಸ್ಪಷ್ಟವಾಗಿ ಸೂಚಿಸುತ್ತಾರೆ. ನಿಂತ ವಾಹನದ ಮೇಲೆ ಮೂವರು ಮಲಗಬಹುದು ಎಂಬ ಜಾಹೀರಾತಿನ ಮಾತು ನಿಂತ ವಾಹನಕ್ಕೆ ಮಾತ್ರ ಅನ್ವಯಿಸುತ್ತದೆ. ಓರೆಯಾದ ದಾರಿಯಲ್ಲಿ ಎತ್ತರದ ಭಾರವು ವಾಹನವನ್ನು ಉರುಳಿಸಲು ಹೊಂಚುತ್ತಿರುತ್ತದೆ.

ಇಂಧನವನ್ನು ದಾರಿಯ ಗುಣಕ್ಕೆ ತಕ್ಕಂತೆ ತುಂಡು ತುಂಡಾಗಿ ಲೆಕ್ಕ ಹಾಕಿ. ಜಲ್ಲಿಯ 440 ಕಿಲೋಮೀಟರಿಗೆ ಲೀಟರಿಗೆ 9ರಂತೆ 49 ಲೀಟರ್, ಮರಳಿನ 180 ಕಿಲೋಮೀಟರಿಗೆ ಲೀಟರಿಗೆ 5ರಂತೆ 36 ಲೀಟರ್, ಒಟ್ಟು 85. ದಾರಿ ತಪ್ಪಿ ಹಿಂದಿರುಗುವುದಕ್ಕೆ, ಹೂತು ಒದ್ದಾಡುವುದಕ್ಕೆ ಕಾಲುಭಾಗ ಸೇರಿಸಿದರೆ 106. ಟ್ಯಾಂಕಿನಲ್ಲಿ ನಿಜವಾಗಿ ಬಳಕೆಗೆ ಸಿಗುವುದು 75 ಎಂದಿಟ್ಟುಕೊಂಡರೆ ಕೊರತೆ 31 ಲೀಟರ್. ಹಾಗಾಗಿ 20 ಲೀಟರಿನ ಎರಡು ಕ್ಯಾನು ಸಾಕು. ಮೈಲೇಜನ್ನು ಮಾತ್ರ ಭಾರ ಹೇರಿದ ನಿಮ್ಮ ವಾಹನದಲ್ಲೇ ಅಳೆದುಕೊಳ್ಳಿ, ನನ್ನ ಅಂಕಿಗಳನ್ನು ನಂಬಬೇಡಿ.

ನೀರಿನ ವಿಷಯದಲ್ಲಿ ನೀವು ಕಡಿಮೆ ಇಟ್ಟುಕೊಂಡಿದ್ದೀರಿ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಕನಿಷ್ಠ 5 ಲೀಟರಿನಂತೆ ನಾಲ್ಕು ದಿನಕ್ಕೆ 60, ವಾಹನ ಕೆಟ್ಟು ನಿಂತರೆಂದು ಎರಡು ದಿನಕ್ಕೆ 30, ಒಟ್ಟು 90 ಲೀಟರ್. ಡೀಸೆಲ್‌ನಲ್ಲಿ ಉಳಿಸಿದ್ದನ್ನು ನೀರಿಗೆ ಕೊಡಿ. ಒಂದೇ ದೊಡ್ಡ ತೊಟ್ಟಿಯಲ್ಲಿ ತುಂಬಿಸಬೇಡಿ. ಅದೊಂದು ಸೀಳಿದರೆ ನಾಲ್ಕು ದಿನದ ನೀರೂ ನೆಲಕ್ಕೆ ಹೋಗುತ್ತದೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ ತೂಕದ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಪಟ್ಟಿಗಳಲ್ಲಿ ಸಾಮಾನ್ಯವಾಗಿ ‘ಬೇಕು’, ‘ಬೇಡ’ ಎಂಬ ಎರಡು ಬಗೆಯ ವಸ್ತುಗಳಲ್ಲದೆ ‘ಇರಲಿ’ ಎಂಬ ಮೂರನೆಯ ಬಗೆಯೊಂದು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ವಾಹನವನ್ನು ನೆಲಕ್ಕೆ ಕುಕ್ಕುವುದು ಅದೇ. ನನ್ನ ಅಭಿಪ್ರಾಯದಲ್ಲಿ ನಿಮ್ಮ ವಿಂಚ್ ಆ ಬಗೆಗೆ ಸೇರಿದ್ದು. ವಿಂಚ್ ಎಳೆಯಬೇಕಾದರೆ ಅದಕ್ಕೆ ಆಸರೆಯಾಗಿ ಒಂದು ಮರ, ಬಂಡೆ ಅಥವಾ ಇನ್ನೊಂದು ವಾಹನ ಬೇಕು. ಬಯಲಿನ ಮರಳಿನಲ್ಲಿ ಈ ಮೂರೂ ಸಿಗುವುದು ಅಪರೂಪ.

ಮರಳಿನಲ್ಲಿ ನಿಮ್ಮನ್ನು ದಾಟಿಸುವುದು ಟೈರಿನ ಗಾಳಿ. ಮರಳು ಶುರುವಾಗುವ ಮೊದಲೇ ನಿಂತು 35 ಪಿಎಸ್‌ಐ ಇದ್ದದ್ದನ್ನು 18ರ ಸುಮಾರಿಗೆ ಇಳಿಸಿ. ಟೈರ್ ಉದ್ದುದ್ದಕ್ಕೆ ನೆಲವನ್ನು ಹೆಚ್ಚು ಒತ್ತಿ ಹಿಡಿಯುವುದರಿಂದ ಮರಳನ್ನು ಅಗೆಯುವ ಬದಲು ಅದರ ಮೇಲೆ ತೇಲಿಕೊಂಡು ಹೋಗುತ್ತದೆ. ಆಗ ವೇಗ ತಗ್ಗಿರಬೇಕು, ತಿರುವುಗಳಲ್ಲಿ ಸ್ಟಿಯರಿಂಗನ್ನು ಥಟ್ಟನೆ ತಿರುಗಿಸಬಾರದು, ಇಲ್ಲವಾದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಟ್ಟಿ ದಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಗಾಳಿ ಕಡಿಮೆಯಿರುವ ಟೈರ್ ವೇಗದಲ್ಲಿ ಬಿಸಿಯೇರಿ ಸಿಡಿಯುತ್ತದೆ. ಹೀಗಾಗಿ ನಿಮ್ಮ ಪಟ್ಟಿಯಲ್ಲಿ ಕಾಣದ ಒಳ್ಳೆಯ ಕಂಪ್ರೆಸರ್ ಮತ್ತು ನಂಬಬಹುದಾದ ಒತ್ತಡಮಾಪಕ ವಿಂಚ್‌ಗಿಂತ ಹೆಚ್ಚು ಅಗತ್ಯ. ಕಂಪ್ರೆಸರಿನ ತಂತಿಯನ್ನು ನೇರವಾಗಿ ಬ್ಯಾಟರಿಗೆ ಸಿಕ್ಕಿಸಿ. ಡ್ಯಾಶ್‌ಬೋರ್ಡಿನ ಸಾಕೆಟ್ಟಿನ ಫ್ಯೂಸ್ ಅಷ್ಟು ಕರೆಂಟನ್ನು ತಾಳುವುದಿಲ್ಲ.

ಆದರೂ ಹೂತರೆ ಮೊದಲು ಸಲಿಕೆ, ಆಮೇಲೆ ಟೈರಿನಡಿಗೆ ಹಾಕುವ ಹಲಗೆಗಳು. ದಾರಿಹೋಕ ವಾಹನವೊಂದು ನೆರವಿಗೆ ಬಂದರೆ ಬಳಸಲು ಹಿಗ್ಗುವ ಹಗ್ಗವೊಂದಿರಲಿ. ಆ ಹಗ್ಗವನ್ನು ಟ್ರೈಲರ್ ಸಿಕ್ಕಿಸುವ ಗುಂಡಿಗೆ ಎಂದಿಗೂ ಕಟ್ಟಬೇಡಿ. ಎಳೆತದ ರಭಸಕ್ಕೆ ಆ ಗುಂಡು ಮುರಿದು ಗಾಜನ್ನು ತೂರಿ ಬಂದು ಜನರು ಸತ್ತ ಉದಾಹರಣೆಗಳಿವೆ. ಚಾಸಿಗೆ ಬಿಗಿದ, ಎಳೆತದ ಸಾಮರ್ಥ್ಯವನ್ನು ನಮೂದಿಸಿರುವ ಕೊಕ್ಕೆಗಳಿಗೇ ಕಟ್ಟಬೇಕು. ಎತ್ತರದ ಜಾಕ್ ಮರಳಿನಲ್ಲಿ ಓಲಾಡುತ್ತದೆ, ಅದರ ಹಿಡಿ ಕೈಜಾರಿದರೆ ದವಡೆ ಮುರಿಯುತ್ತದೆ. ಅದನ್ನು ಬಿಟ್ಟು ವಾಹನದ ಮೂಲ ಜಾಕ್ ಮತ್ತು ಅದರಡಿಗೆ ಹಾಕಲು ಅಗಲವಾದ ಮರದ ತುಂಡು ಒಯ್ಯುವುದು ಮೇಲು.

ಹೊಳೆಯ ಬಗ್ಗೆ ಒಂದೇ ಮಾತು. ದಾಟುವ ಮೊದಲು ಕೆಲವು ನಿಮಿಷ ನಿಂತು ಡಿಫರೆನ್ಷಿಯಲ್ (ಆಕ್ಸಲಿನ ನಡುವಿನ ಗಿಯರ್ ಪೆಟ್ಟಿಗೆ) ತಣಿಯಲು ಬಿಡಿ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ.

ಮೂರನೆಯ ಉತ್ತರ

ವಿಂಚ್ ಬಗ್ಗೆ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಒಂಟಿ ವಾಹನದವರಿಗೆ ಕೆಸರಿನ ಇಳಿಜಾರಿನಲ್ಲಿ ಅದಕ್ಕೆ ಬದಲಿಯಿಲ್ಲ. ಆದರೆ ನಿಮ್ಮ ದಾರಿ ಮರಳು ಮತ್ತು ಜಲ್ಲಿಯದು, ಕಾಲವೂ ಒಣಹವೆಯದು, ಆದ್ದರಿಂದ ಈ ಬಾರಿ ಬಿಟ್ಟುಹೋಗಬಹುದೆಂದು ಒಪ್ಪುತ್ತೇನೆ. ಎರಡನೆಯ ಸ್ಟೆಪ್ನಿಯನ್ನು ಮಾತ್ರ ಬಿಡಬೇಡಿ. ಪ್ಲಗ್ ಹಾಕಿ ಮುಚ್ಚಬಹುದಾದದ್ದು ಟೈರಿನ ತಳದ ತೂತು; ಚೂಪು ಜಲ್ಲಿ ಪಕ್ಕವನ್ನು ಸೀಳಿದರೆ ದಾರಿಯಲ್ಲಿ ನಂಬಿಕೆಯ ರಿಪೇರಿ ಇಲ್ಲ.

ವಿದ್ಯುತ್ತಿನ ಲೆಕ್ಕವನ್ನು ಯಾರೂ ನೋಡಿದಂತಿಲ್ಲ. ನಿಮ್ಮ ಫ್ರಿಜ್ ದಿನಕ್ಕೆ 40 ಆಂಪಿಯರ್-ಅವರ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಬಿಸಿಲಿನಲ್ಲಿ ಇನ್ನೂ ಹೆಚ್ಚಾಗುತ್ತದೆ. ಎಜಿಎಂ ಬ್ಯಾಟರಿಯ ಆಯುಷ್ಯ ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು, ಅಂದರೆ ನಿಮ್ಮ 100ರಲ್ಲಿ ಬಳಕೆಗೆ ದಕ್ಕುವುದು 50. ಓಡುವ ದಿನಗಳಲ್ಲಿ ಎಂಜಿನ್ ತುಂಬಿಕೊಡುತ್ತದೆ, ಆದರೆ ಮೂರು ರಾತ್ರಿ ನಿಂತಲ್ಲಿಯೇ ನಿಂತರೆ ಎರಡನೆಯ ದಿನವೇ ಬ್ಯಾಟರಿ ಸೋಲುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು 12 ಕಿಲೋ ಮಾತ್ರ ತೂಗುತ್ತದೆ, ಅದರಲ್ಲಿ ಶೇಕಡಾ 80ರವರೆಗೂ ಧಾರಾಳವಾಗಿ ಬಳಸಬಹುದು. ಅದರೊಂದಿಗೆ ಮಡಚುವ 120 ವಾಟ್ ಸೌರಫಲಕವಿದ್ದರೆ, ಐದು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ ನಷ್ಟ ಕಳೆದು 35 ಆಂಪಿಯರ್-ಅವರಿನಷ್ಟು ಮರಳಿ ಬರುತ್ತದೆ. ಎರಡು ಎಚ್ಚರಿಕೆಗಳಿವೆ: ಈ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಎಂಜಿನ್ನಿನ ಕಾವಿನ ಪಕ್ಕದಲ್ಲಿ ಇಡಬಾರದು. ಓಡುವಾಗ ಚಾರ್ಜ್ ಮಾಡಲು, ಎಂಜಿನ್ನಿನಿಂದ ಬರುವ ವಿದ್ಯುತ್ತನ್ನು ಈ ಬ್ಯಾಟರಿಗೆ ಹೊಂದುವಂತೆ ಮಾಡಿಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ.

ಇನ್ನು ಜೋಡಿಸುವ ಕ್ರಮ. ಕೆಲವು ವರ್ಷಗಳ ಹಿಂದೆ ನಾನು ಸಲಿಕೆಯನ್ನು ಹಿಂಭಾಗದ ಡ್ರಾಯರಿನೊಳಗೆ ಅಚ್ಚುಕಟ್ಟಾಗಿ ಇಟ್ಟಿದ್ದೆ. ವಾಹನ ಹಿಂದಕ್ಕೆ ಜಾರಿ ಮರಳಿನ ದಿಣ್ಣೆಗೆ ಹೂತುಕೊಂಡಾಗ ಹಿಂಬಾಗಿಲೇ ತೆರೆಯಲಿಲ್ಲ. ಸಲಿಕೆಯನ್ನು ತೆಗೆಯುವುದಕ್ಕಾಗಿ ಊಟದ ತಟ್ಟೆಯಿಂದ ಒಂದು ಗಂಟೆ ಮರಳು ತೋಡಿದೆವು. ತಟ್ಟೆಯಾದರೂ ಮುಂದಿನ ಸೀಟಿನಡಿ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ, ಯಾರೋ ಅಲ್ಲಿ ತುರುಕಿ ಮರೆತದ್ದರಿಂದ. ಅಂದಿನಿಂದ ಸಲಿಕೆ, ಹಲಗೆ, ಅಗ್ನಿಶಾಮಕ, ಪ್ರಥಮ ಚಿಕಿತ್ಸೆಯ ಚೀಲ ಇವಿಷ್ಟನ್ನು ಹಿಂಬಾಗಿಲು ತೆರೆಯದೆಯೇ ಕೈಗೆಟುಕುವಲ್ಲಿ ಇಡುತ್ತೇನೆ. ಉಳಿದವನ್ನು ಮರದ ಡ್ರಾಯರುಗಳ ಬದಲು ಹಗುರವಾದ ಪೆಟ್ಟಿಗೆಗಳಲ್ಲಿ ತುಂಬಿ, ಭಾರವಾದವನ್ನು ಕೆಳಗೆ, ಮುಂದಿನ ಸೀಟಿನ ಬೆನ್ನಿಗೆ ಒತ್ತಿದಂತೆ ಇಟ್ಟು, ನೆಲದ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯಿರಿ. ಥಟ್ಟನೆ ಬ್ರೇಕ್ ಹಾಕಿದಾಗ ಬಿಡಿಯಾದ ಡಬ್ಬಿಯೂ ತಲೆಗೆ ಬಂದು ಬಡಿಯುತ್ತದೆ. ದಾರಿಯ ನಕ್ಷೆಯನ್ನು ಮತ್ತು ಎಂದು ಎಲ್ಲಿರುತ್ತೀರಿ ಎಂಬ ಪಟ್ಟಿಯನ್ನು ಮನೆಯಲ್ಲೊಬ್ಬರಿಗೆ ಕೊಟ್ಟುಹೋಗಿ. ಮೊಬೈಲ್ ಸಿಗ್ನಲ್ ಇಲ್ಲದಲ್ಲಿ ಉಪಗ್ರಹ ಸಂದೇಶ ಸಾಧನ ಬೇಕೇಬೇಕು, ಆದರೆ ಅಲ್ಲಿ ಅದಕ್ಕೆ ಅನುಮತಿ ಬೇಕೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ಸೇರಿಸಲು ಬಂದವನು ಕಳೆಯುತ್ತಾ ಕುಳಿತೆ. ರೂಫ್ ಟೆಂಟಿನ ಬದಲು 12 ಕಿಲೋದ ನೆಲದ ಟೆಂಟ್ ಆಯ್ದುಕೊಂಡೆವು. ಡ್ರಾಯರುಗಳು ಹೋಗಿ ಪೆಟ್ಟಿಗೆಗಳು ಬಂದವು. ಬಂಪರ್, ವಿಂಚ್, ಎತ್ತರದ ಜಾಕ್ ಮನೆಯಲ್ಲೇ ಉಳಿಯುತ್ತವೆ. ಬಟ್ಟೆಯಲ್ಲಿ 20 ಕಿಲೋ, ಪಾತ್ರೆಗಳಲ್ಲಿ 10 ಕಿಲೋ ಇಳಿಸಿದೆವು. ಡೀಸೆಲ್ 40 ಲೀಟರಿಗೆ ಇಳಿದಿದೆ, ನೀರು 90ಕ್ಕೆ ಏರಿದೆ, ಬ್ಯಾಟರಿ ಬದಲಾಗಿ 5 ಕಿಲೋದ ಸೌರಫಲಕ ಸೇರಿದೆ. ಕಾಗದದ ಮೇಲೆ ಹೊರೆ 615 ಕಿಲೋ ಆಯಿತು, ಅಂದರೆ ಒಟ್ಟು 2,815. ಎಲ್ಲವನ್ನೂ ಹೇರಿ, ಟ್ಯಾಂಕ್ ತುಂಬಿಸಿ, ಮೂವರೂ ಕುಳಿತು ವೇಬ್ರಿಡ್ಜಿನಲ್ಲಿ ತೂಗಿಸಿದಾಗ ಬಂದದ್ದು 2,830. ಹದಿನೈದು ಕಿಲೋ ಎಲ್ಲಿಂದ ಬಂತೆಂದು ಹುಡುಕಿದರೆ ಕಂಪ್ರೆಸರ್ ಮತ್ತು ಎಲ್ಲೆಡೆ ‘ಇರಲಿ’ಗಳು.

ಈಗಿರುವ ತೊಡಕು ಬೇರೆ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲನ್ನು ಪ್ರತ್ಯೇಕವಾಗಿ ತೂಗಿಸಿದಾಗ ಅದರ ಮಿತಿಗಿಂತ ಸುಮಾರು 35 ಕಿಲೋ ಹೆಚ್ಚಿದೆ. ನೀರು, ಸ್ಟೆಪ್ನಿ, ಫ್ರಿಜ್ ಮೂರೂ ಹಿಂದೆಯೇ ಇವೆ. ಇನ್ನೇನನ್ನು ಬಿಡುವುದು?

ಮೊದಲ ಉತ್ತರ ಬರೆದವರಿಂದ

ಏನನ್ನೂ ಬಿಡುವುದು ಬೇಡ, ಜಾಗ ಬದಲಿಸಿ. ನೀವು ಮೂವರೇ ಇರುವುದರಿಂದ ಎರಡನೆಯ ಸಾಲಿನಲ್ಲಿ ಒಬ್ಬರ ಪಕ್ಕ ಜಾಗ ಖಾಲಿಯಿದೆ. ಆ ಬದಿಯ ಸೀಟನ್ನು ಮಡಚಿ ಅಥವಾ ಕಳಚಿ, 90 ಲೀಟರ್ ನೀರನ್ನೂ ಅಲ್ಲಿನ ನೆಲಕ್ಕೆ ತಂದು ಬಿಗಿಯಿರಿ. ಭಾರ 1.25 ಮೀಟರ್ ಮುಂದಕ್ಕೆ ಸರಿಯುತ್ತದೆ ಎಂದೂ ನಿಮ್ಮ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.8 ಮೀಟರ್ ಎಂದೂ ಇಟ್ಟುಕೊಂಡರೆ, 90ನ್ನು 1.25ರಿಂದ ಗುಣಿಸಿ 2.8ರಿಂದ ಭಾಗಿಸಿದಾಗ ಹಿಂದಿನ ಆಕ್ಸಲಿನಿಂದ ಇಳಿಯುವುದು 40 ಕಿಲೋ. ಒಂದು ರಾತ್ರಿಯ ಪ್ರಯೋಗದ ಪ್ರವಾಸ ಮಾಡಿ, ಕತ್ತಲಲ್ಲಿ ಟೆಂಟ್ ಹಾಕಿ, ಕಚ್ಚಾದಾರಿಯಲ್ಲಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿದು ನೋಡಿ. ಹಿಂಭಾಗ ತಗ್ಗಿದ ವಾಹನದ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಬೀಳುತ್ತದೆ, ಅದನ್ನೂ ಅದೇ ರಾತ್ರಿ ಸರಿಪಡಿಸಿಕೊಳ್ಳಿ. ಬಂದ ಮೇಲೆ ಮತ್ತೊಮ್ಮೆ ತೂಗಿಸಿ ಅಂಕಿಗಳನ್ನು ಇಲ್ಲಿ ಬರೆಯಿರಿ.