ಚಿಪ್ಪು ಗೂಡಿನಲ್ಲಿ ಕೂರುತ್ತಿಲ್ಲ: ‘ಹೆಡ್‌ಸ್ಪೇಸ್’, ‘ರೀಸೈಜ್’ ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರೈಫಲ್ ತೋಟಾಗೆ, ಅಂದರೆ ಕಾರ್ಟ್ರಿಜ್‌ಗೆ, ಸಂಬಂಧಪಟ್ಟ ಕೆಲವು ಪದಗಳ ಬಗ್ಗೆ ಕೇಳಬೇಕಿದೆ. ಲೇತ್ ಕೆಲಸ ಗೊತ್ತಿರುವವರು, ಹಿತ್ತಾಳೆ ಪಾತ್ರೆ ಕೆಲಸದ ಮನೆಯವರು, ಪೊಲೀಸ್ ಇಲಾಖೆಯಲ್ಲೋ ಎನ್‌ಸಿಸಿಯಲ್ಲೋ ಇದ್ದವರು ದಯವಿಟ್ಟು ಪೂರ್ತಿ ಓದಿ. ಮುಖ್ಯವಾಗಿ ಎರಡು ಪ್ರಶ್ನೆ. ರೈಫಲ್ಲಿನಲ್ಲಿ ತೋಟಾ ಕೂರುವ ಜಾಗದ ಒಂದು ಅಳತೆ ‘ಹೆಡ್‌ಸ್ಪೇಸ್’, ಅದಕ್ಕೆ ಏನು ಹೇಳೋಣ? ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯನ್ನು ಡೈಯೊಳಗೆ (ಒಳಗೆ ಅಳತೆಗೆ ಕೊರೆದ ಅಚ್ಚಿನೊಳಗೆ) ಒತ್ತಿ ಮತ್ತೆ ಅಳತೆಗೆ ತರುತ್ತಾರಲ್ಲ, ಆ ‘ರೀಸೈಜ್’ಗೆ ಯಾವ ಕ್ರಿಯಾಪದ ಸರಿ?

ಈ ಪ್ರಶ್ನೆ ಹುಟ್ಟಿದ್ದು ಹೀಗೆ. ನನ್ನ ಅಕ್ಕನ ಮಗ ಅಮೆರಿಕದ ಮೊಂಟಾನಾದಲ್ಲಿದ್ದಾನೆ. ಅಲ್ಲಿ ಖಾಲಿ ಹಿತ್ತಾಳೆಗೆ ಹೊಸದಾಗಿ ಕೇಪು, ಮದ್ದು, ಗುಂಡು ಹಾಕಿ ಮನೆಯಲ್ಲೇ ತೋಟಾ ತುಂಬುವುದು ಕಾನೂನು ಒಪ್ಪುವ ಹವ್ಯಾಸ. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಮದ್ದುಗುಂಡು ತಯಾರಿಸುವಂತಿಲ್ಲ. ಆದ್ದರಿಂದ ಇದನ್ನು ಪದಗಳ ಮಾತಾಗಿ ಓದಿ, ಮನೆಯಲ್ಲಿ ಮಾಡಿ ನೋಡುವ ಪಾಠವಾಗಿ ಅಲ್ಲ. ಹುಡುಗನಿಗೆ ಒಂದು ತೊಂದರೆ ಬಂತು. ಅವನ ಅಪ್ಪ, ಅಂದರೆ ನಮ್ಮ ಭಾವ, ಮಂಡ್ಯದಲ್ಲಿ ಲೇತ್ ಇಟ್ಟುಕೊಂಡಿದ್ದವರು. ಸುತ್ತಲಿನ ಆಲೆಮನೆಗಳ ಗಾಣದ ರೋಲರು, ಶಾಫ್ಟು ಎಲ್ಲ ಅವರ ಕೈಯಲ್ಲೇ ಸರಿಹೋಗುತ್ತಿತ್ತು. ಅಪ್ಪನಿಗೆ ಹೇಳಿದರೆ ದಾರಿ ಸಿಗಬಹುದು ಅಂತ ಹುಡುಗ ಇಂಗ್ಲಿಷಿನಲ್ಲಿ ಬರೆದದ್ದನ್ನು ಮೊಬೈಲಿನಲ್ಲೇ ಕನ್ನಡ ಮಾಡಿ ಕಳಿಸಿದ. ಬಂದದ್ದು ಈ ವಾಕ್ಯ: ‘ಮರುಗಾತ್ರಗೊಳಿಸಿದ ಹಿತ್ತಾಳೆ ಕೋಣೆಗೊಳ್ಳುತ್ತಿಲ್ಲ, ತಲೆಜಾಗ ಪರೀಕ್ಷಿಸಬೇಕು.’

ಎಲ್ಲವೂ ಕನ್ನಡದ ಪದಗಳೇ. ಆದರೆ ಐವತ್ತು ವರ್ಷ ಲೋಹದ ಜೊತೆ ಬದುಕಿದ ಮನುಷ್ಯನಿಗೆ ಒಂದೂ ಅರ್ಥವಾಗಲಿಲ್ಲ. ನನಗೆ ಬೇಜಾರಾದದ್ದು ಅದಕ್ಕೆ. ತೊಂದರೆ ಏನು ಅಂತ ನಾನು ಬಿಡಿಸಿ ಹೇಳಿದ ಮೇಲೆ ಭಾವ ತಟ್ಟನೆ ಅಂದದ್ದು, “ಓ, ಕೂತ್ಕೋತಾ ಇಲ್ಲ ಅನ್ನು!”

ಅಷ್ಟೇ ನೋಡಿ. ಮೈಸೂರು, ಮಂಡ್ಯದ ಯಾವ ವರ್ಕ್‌ಶಾಪಿಗೆ ಹೋದರೂ ಬೇರಿಂಗು ಕೂರುತ್ತೆ, ಬುಷ್ಷು ಕೂರಲ್ಲ ಅಂತಲೇ ಮಾತು. ತೋಟಾ ನಳಿಗೆಯ ಹಿಂಬದಿಯಲ್ಲಿ ತನ್ನ ಜಾಗಕ್ಕೆ ಸರಿಯಾಗಿ ಸೇರುವುದಕ್ಕೆ ‘ಕೂರು’ಗಿಂತ ಒಳ್ಳೆಯ ಪದ ನನಗೆ ಬೇಡ. ಆ ಜಾಗಕ್ಕೆ, ಅಂದರೆ ಇಂಗ್ಲಿಷಿನ ‘ಚೇಂಬರ್’ಗೆ, ‘ಕೋಣೆ’ ಅನ್ನುವ ಬದಲು ‘ಗೂಡು’ ಅಂದರೆ ಹೇಗೆ? ಗೋಡೆಯಲ್ಲಿ ದೀಪ ಇಡುವ ಗೂಡಿನ ಹಾಗೆ, ಒಂದು ವಸ್ತುವಿಗೆ ಅಂತಲೇ ಮಾಡಿದ ಜಾಗ ಅದು. ಕೋಣೆಯಲ್ಲಿ ಓಡಾಡಲು ಜಾಗ ಇರುತ್ತೆ. ಇಲ್ಲಿ ಇರಬಾರದು.

ಇನ್ನು ತೋಟಾದ ಭಾಗಗಳು. ಪೇಪರಿನಲ್ಲಿ ‘ಐದು ಸಜೀವ ಗುಂಡುಗಳ ವಶ’ ಅಂತ ಬರೆಯುತ್ತಾರೆ. ಸುದ್ದಿಗೆ ಅದು ಸಾಕು, ಈ ಕೆಲಸಕ್ಕೆ ಸಾಲದು. ತೋಟಾ ಅಥವಾ ಕಾಡತೂಸು ಅಂದರೆ ಇಡೀ ವಸ್ತು. ಗುಂಡು ಅಂದರೆ ತುದಿಯಲ್ಲಿ ಕೂತು ಹಾರಿಹೋಗುವ ಭಾಗ ಮಾತ್ರ. ಬುಡದಲ್ಲಿ ಕಿಡಿ ಕೊಡುವುದು ಕೇಪು. ಮಲೆನಾಡಿನವರ ‘ಕೇಪಿನ ಕೋವಿ’ಯಲ್ಲಿ ಆ ಪದ ಆಗಲೇ ನಮ್ಮದಾಗಿದೆ. ಮದ್ದು ಅಂತೂ ಹಳೆಯದು. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಅಡ್ಡ ಬರುತ್ತಿತ್ತು ಅಂತ 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರಲ್ಲ, ಟಿಪ್ಪು ಕಾಲದ ಆ ಕಟ್ಟಡ, ಅದು ಜನರ ಬಾಯಲ್ಲಿ ಮದ್ದಿನ ಮನೆ. ಉಳಿಯುವುದು ಹಿತ್ತಾಳೆಯ ಹೊರಕವಚ. ಫೈರಿಂಗ್ ಮುಗಿದ ಮೇಲೆ ಎನ್‌ಸಿಸಿ ಹುಡುಗರು ಹೆಕ್ಕಿ ಎಣಿಸಿ ಒಪ್ಪಿಸುವ ‘ಖಾಲಿ ಖೋಖಾ’ ಅದೇ. ಖೋಖಾ ಹಿಂದಿಯಿಂದ ಬಂದ ಪದ, ಬಳಕೆಯಲ್ಲಿ ಇದೆ, ಬೇಡ ಅನ್ನಲು ಕಾರಣ ಇಲ್ಲ. ಆದರೂ ನನಗೆ ‘ಚಿಪ್ಪು’ ಹಿಡಿಸಿದೆ. ಒಳಗಿನದು ಹೋದ ಮೇಲೂ ಉಳಿಯುವುದಕ್ಕೆ ನಾವು ಹೇಗೂ ಚಿಪ್ಪು ಅನ್ನುತ್ತೇವೆ. ಮುಂದೆ ಅದನ್ನೇ ಬಳಸುತ್ತೇನೆ.

ಚಿಪ್ಪಿನ ಅಂಗಗಳಿಗೆ ಹೊಸ ಪದ ಕಟ್ಟುವ ಅಗತ್ಯವೇ ಬೀಳಲಿಲ್ಲ. ಬಿಂದಿಗೆ, ಚೊಂಬಿಗೆ ಏನನ್ನುತ್ತೇವೋ ಅದೇ ಇಲ್ಲೂ ಒಪ್ಪುತ್ತದೆ: ಬಾಯಿ, ಕಂಠ, ಬುಡ. ಕಂಠದಿಂದ ಮೈಗೆ ಇಳಿಯುವ ಇಳಿಜಾರು ಇದೆಯಲ್ಲ, ಅದಕ್ಕೆ ‘ಹೆಗಲು’ ಅನ್ನುತ್ತಿದ್ದೇನೆ. ‘ಭುಜ’ವೂ ಆಗಬಹುದು, ಆದರೆ ಭುಜ ಅಂದರೆ ಕೆಲವರಿಗೆ ತೋಳೂ ಸೇರುತ್ತೆ, ಗಣಿತದಲ್ಲಿ ತ್ರಿಭುಜದ ಪಕ್ಕವೂ ಆಗುತ್ತೆ. ಹೆಗಲಿಗೆ ಆ ಗೊಂದಲ ಇಲ್ಲ.

ಈಗ ಕಷ್ಟದ ಜಾಗಕ್ಕೆ ಬರೋಣ. ಹುಡುಗನ ರೈಫಲ್ಲು .308 ವಿಂಚೆಸ್ಟರ್ ಅನ್ನುವ ತೋಟಾದ್ದು, ಬೋಲ್ಟ್ ಇರುವಂಥದ್ದು. ಬೋಲ್ಟ್ ಅಂದರೆ ಇಲ್ಲಿ ಗೂಡನ್ನು ಹಿಂದಿನಿಂದ ಮುಚ್ಚುವ ಅಗುಳಿ. ಅದರಲ್ಲೇ ಹಾರಿಸಿದ ಚಿಪ್ಪನ್ನು ಹಾಗೇ ವಾಪಸ್ ಹಾಕಿದರೆ ಆರಾಮಾಗಿ ಕೂರುತ್ತಿತ್ತು. ಡೈಯಲ್ಲಿ ಒತ್ತಿ ತೆಗೆದ ಮೇಲೆ ಕೂರುತ್ತಿರಲಿಲ್ಲ, ಬೋಲ್ಟ್ ಮುಚ್ಚುತ್ತಿರಲಿಲ್ಲ. “ಚಿಕ್ಕದು ಮಾಡಿದ ಮೇಲೆ ದೊಡ್ಡದು ಹೇಗಾಗುತ್ತೆ ಮಾವ?” ಅಂತ ಅವನ ಪ್ರಶ್ನೆ. ‘ರೀಸೈಜ್’ಗೆ ‘ಚಿಕ್ಕದು ಮಾಡು’ ಅಂತ ಅರ್ಥ ಹಿಡಿದರೆ ಇದು ಒಗಟೇ.

ನಡೆಯುವುದು ಏನೆಂದರೆ, ಗುಂಡು ಹಾರುವಾಗ ಒಳಗೆ ಚದರ ಇಂಚಿಗೆ 62,000 ಪೌಂಡ್‌ವರೆಗೂ ಒತ್ತಡ ಏರಬಹುದು, ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಒಂದಿಷ್ಟು ಹಿಂದಕ್ಕೆ ಪುಟಿಯುತ್ತದೆ. ಡೈ ಮೊದಲು ಅದರ ಮೈಯನ್ನು ಹಿಸುಕುತ್ತದೆ. ಹಿಸುಕಿದ ಲೋಹ ಎಲ್ಲಿಗಾದರೂ ಹೋಗಬೇಕಲ್ವಾ? ಮುಂದಕ್ಕೆ ಹೋಗುತ್ತದೆ, ಹೆಗಲನ್ನು ಜೊತೆಗೆ ತಳ್ಳಿಕೊಂಡು. ಡೈಯನ್ನು ಪ್ರೆಸ್ಸಿನಲ್ಲಿ ತಿರುಗಿಸಿ ಪೂರ್ತಿ ಇಳಿಸಿದ್ದರೆ ಅದರ ಒಳಗಿನ ಇಳಿಜಾರು ಹೆಗಲಿಗೆ ತಾಗಿ ಹಿಂದಕ್ಕೆ ದಬ್ಬುತ್ತದೆ. ಅರ್ಧಂಬರ್ಧ ಇಳಿಸಿದ್ದರೆ ಮೈ ಸಣ್ಣದಾಗುತ್ತೆ, ಹೆಗಲು ಮಾತ್ರ ಮೊದಲಿಗಿಂತ ಮುಂದೆ ಹೋಗಿ ನಿಲ್ಲುತ್ತೆ. ಭಾವ ಹೇಳಿದ್ದು ಇನ್ನೂ ಚೆನ್ನಾಗಿದೆ: “ಸೊಂಟ ಹಿಸುಕಿದ್ರೆ ಹೆಗಲು ಏರುತ್ತೆ. ಹೆಗಲನ್ನೂ ಅದುಮಬೇಕು.”

ಆದ್ದರಿಂದ ‘ಮರುಗಾತ್ರಗೊಳಿಸು’ ಬೇಡ ಅನ್ನುತ್ತೇನೆ. ಅದು ಕೆಲಸ ಏನು ಅಂತ ಹೇಳುವುದೇ ಇಲ್ಲ. ‘ಕುಗ್ಗಿಸು’ ಅಂದರೆ ದಾರಿ ತಪ್ಪಿಸುತ್ತದೆ. ‘ಅಚ್ಚಿಗೆ ಹಾಕು’ ಅನ್ನಬಹುದಿತ್ತು, ಆದರೆ ಮಂಡ್ಯದ ಕಡೆ ಅಚ್ಚು ಅಂದರೆ ಬೆಲ್ಲ ಹೊಯ್ಯುವ ಅಚ್ಚು ಮೊದಲು ನೆನಪಾಗುತ್ತೆ, ಇಲ್ಲಿ ಹೊಯ್ಯುವ ಕೆಲಸ ಇಲ್ಲ. ನನ್ನ ಸಲಹೆ ‘ಅದುಮಿ ಅಳತೆಗೆ ತರು’, ಚಿಕ್ಕದಾಗಿ ‘ಅದುಮು’. ಅದುಮಿದ ಚಿಪ್ಪು, ಅದುಮದ ಚಿಪ್ಪು, ಮೈ ಅದುಮಿದೆ ಹೆಗಲು ಅದುಮಿಲ್ಲ. ಹೀಗೆ ಹೇಳಿದಾಗ ತೊಂದರೆ ಎಲ್ಲಿದೆ ಅಂತ ವಾಕ್ಯವೇ ತೋರಿಸುತ್ತದೆ. ಡೈ, ಪ್ರೆಸ್ಸು, ಚಿಪ್ಪಿನ ಬುಡ ಹಿಡಿಯುವ ಹೋಲ್ಡರು ಇವನ್ನು ಹಾಗೇ ಬಿಡೋಣ, ಎಲ್ಲ ವರ್ಕ್‌ಶಾಪಿನಲ್ಲೂ ಅವು ಕನ್ನಡವೇ ಆಗಿವೆ.

ಹೆಡ್‌ಸ್ಪೇಸ್ ಇನ್ನೂ ಬಿಗಿಯಾದ ಗಂಟು. ಇಂಗ್ಲಿಷ್ ಪದ ನೋಡಿದರೆ ಏನೋ ಖಾಲಿ ಜಾಗ ಅನ್ನಿಸುತ್ತೆ. ಹಾಗಲ್ಲ. ಅದು ಒಂದು ಅಳತೆ. ಮುಚ್ಚಿದ ಬೋಲ್ಟಿನ ಮುಖದಿಂದ, ತೋಟಾ ಇನ್ನು ಮುಂದೆ ಹೋಗದಂತೆ ತಡೆಯುವ ಜಾಗದವರೆಗಿನ ದೂರ. ತಡೆಯುವ ಜಾಗ ತೋಟಾದಿಂದ ತೋಟಾಗೆ ಬೇರೆ. ನಮ್ಮ ಪೊಲೀಸರ ಕೈಯಲ್ಲಿ ಬಹಳ ಕಾಲ ಇದ್ದ ತ್ರೀ ನಾಟ್ ತ್ರೀಗೆ ಬುಡದಲ್ಲಿ ಅಂಚು ಇದೆ, ಆ ಅಂಚೇ ತಡೆ. .308ಕ್ಕೆ ಚಾಚಿದ ಅಂಚು ಇಲ್ಲ, ಹೆಗಲೇ ತಡೆ. ಹೆಗಲು ಇಳಿಜಾರು ಆದ್ದರಿಂದ ಅದರ ಮೇಲೆ 0.400 ಇಂಚು ವ್ಯಾಸ ಬರುವ ಜಾಗವನ್ನು ಗುರುತು ಹಿಡಿದು ಅಲ್ಲಿಯವರೆಗೆ ಅಳೆಯುತ್ತಾರೆ. 1.630 ಇಂಚಿನ ಗೇಜನ್ನು (ಅಳತೆ ನೋಡುವ ತುಂಡನ್ನು) ಗೂಡಿನಲ್ಲಿಟ್ಟರೆ ಅದರ ಮೇಲೆ ಬೋಲ್ಟ್ ಮುಚ್ಚಬೇಕು, 1.634ರ ಮೇಲೆ ಮುಚ್ಚಬಾರದು. ನಡುವೆ ಇರುವುದು ನಾಲ್ಕು ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ ನಾಲ್ಕು.

ಇದಕ್ಕೆ ನನಗೆ ಹೊಳೆದದ್ದು ‘ಕೂರಳತೆ’. ಕೂರುವ ಅಳತೆ. ಒಂದು ಆಕ್ಷೇಪ ಬರಬಹುದು: ‘ಕೂರಲಗು’ ಅಂದರೆ ಹರಿತವಾದ ಅಲಗು, ಹಳಗನ್ನಡ ಓದಿದವರಿಗೆ ಕೂರಳತೆ ಕೂಡ ‘ಹರಿತ ಅಳತೆ’ ಅನ್ನಿಸೀತು. ‘ತಡೆಯಳತೆ’ ಅಂದರೆ ಆ ತೊಡಕು ಇಲ್ಲ, ಆದರೆ ಕಿವಿಗೆ ಒರಟು. ಭಾವ ಮಾತ್ರ ಶುರುವಿನಲ್ಲಿ ‘ಆಟ’ ಅಂದರು. ಬೇರಿಂಗಿನಲ್ಲಿ ಆಟ ಇದೆ ಅನ್ನುತ್ತೇವಲ್ಲ, ಹಾಗೆ. ಇಲ್ಲಿ ನಾವು ಎರಡನ್ನೂ ಇಟ್ಟುಕೊಳ್ಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಗೂಡಿನ ಅಳತೆ ಕೂರಳತೆ. ಆ ಅಳತೆಗೂ ಚಿಪ್ಪಿನ ಅಳತೆಗೂ ಇರುವ ವ್ಯತ್ಯಾಸ ಆಟ. ಇಂಗ್ಲಿಷಿನಲ್ಲಿ ಎಷ್ಟೋ ಸಲ ಎರಡಕ್ಕೂ ಒಂದೇ ಪದ ಹೇಳಿಬಿಡುತ್ತಾರೆ, ಅಲ್ಲೇ ಗೊಂದಲ ಹುಟ್ಟುವುದು. ಬೋಲ್ಟ್ ರೈಫಲ್ಲಿಗೆ ಒಂದೆರಡು ಥೌ ಆಟ ಸಾಕು, ತಾನೇ ತೋಟಾ ತುಂಬಿಕೊಳ್ಳುವ ರೈಫಲ್ಲಿಗೆ ಮೂರು ನಾಲ್ಕು. ಆಟ ಇಲ್ಲವೇ ಇಲ್ಲ ಅಂದರೆ ಕೂರುವುದಿಲ್ಲ. ಜಾಸ್ತಿ ಆದರೆ ಸಲೀಸಾಗಿ ಕೂರುತ್ತೆ, ಅದೇ ಅಪಾಯ. ಪ್ರತಿ ಸಲ ಹಾರಿಸಿದಾಗಲೂ ಚಿಪ್ಪು ಬುಡದ ಹತ್ತಿರ ಎಳೆದುಕೊಂಡು ತೆಳ್ಳಗಾಗುತ್ತದೆ, ಹೊರಗಡೆ ಒಂದು ಹೊಳೆಯುವ ಉಂಗುರ ಕಾಣುತ್ತದೆ, ಕೊನೆಗೊಂದು ದಿನ ಬುಡವೇ ಕಳಚಿಕೊಳ್ಳುತ್ತದೆ. ಈ ಸ್ಥಿತಿಗೆ ‘ಬುಡ ಕಳಚುವುದು’ ಅಂತಲೇ ಬರೆದಿದ್ದೇನೆ.

ಹುಡುಗನ ತೊಂದರೆ ಬಗೆಹರಿದ ಬಗೆ ಹೇಳಿಬಿಡುತ್ತೇನೆ, ಪದಗಳು ಕೆಲಸಕ್ಕೆ ಬಂದದ್ದು ಅಲ್ಲೇ. ಭಾವ ಕೇಳಿದ ಮೊದಲ ಪ್ರಶ್ನೆ: “ಪ್ರೆಸ್ಸು ಪೂರ್ತಿ ಮೇಲೆ ಬಂದಾಗ ಡೈಗೂ ಹೋಲ್ಡರಿಗೂ ಮಧ್ಯೆ ಬೆಳಕು ಕಾಣ್ತದಾ? ಒಳಗೆ ಚಿಪ್ಪು ಇಟ್ಟು ನೋಡಿ ಹೇಳು.” ಖಾಲಿ ಇದ್ದಾಗ ಬೆಳಕು ಕಾಣುತ್ತಿರಲಿಲ್ಲ. ಚಿಪ್ಪು ಇಟ್ಟಾಗ ಕಂಡಿತು, ಏಕೆಂದರೆ ಭಾರ ಬಿದ್ದಾಗ ಪ್ರೆಸ್ಸು ಕೂದಲೆಳೆಯಷ್ಟು ಬಾಗುತ್ತದೆ. ಎರಡನೆಯದು, ಖಾಲಿ ಚಿಪ್ಪಿನ ಮೈಗೆಲ್ಲ ಕಪ್ಪು ಮಾರ್ಕರ್ ಬಳಿದು ಮೆತ್ತಗೆ ಬೋಲ್ಟ್ ತಳ್ಳಿ ಹೊರಗೆ ತೆಗೆದು, ಬಣ್ಣ ಎಲ್ಲಿ ಉಜ್ಜಿ ಹೋಗಿದೆ ನೋಡುವುದು. ಇಂಥ ಪರೀಕ್ಷೆ ಖಾಲಿ ಚಿಪ್ಪಿನಲ್ಲೇ, ಮದ್ದು ತುಂಬಿದ್ದರಲ್ಲಿ ಎಂದೂ ಅಲ್ಲ. ಅವನದು ಹೆಗಲಲ್ಲಿ ಉಜ್ಜಿತ್ತು. ಡೈಯನ್ನು ಚೂರು ಚೂರೇ ಇಳಿಸುತ್ತಾ ಹೋದ, ಒಟ್ಟು ಅರೆಕಾಲು ಸುತ್ತಿನ ಒಳಗೇ ಬೋಲ್ಟ್ ಮುಚ್ಚಿತು.

ಅರೆಕಾಲು ಅಂದೆ. ಎಂಟನೇ ಒಂದು ಭಾಗಕ್ಕೆ ನಮ್ಮ ಹಳೆಯ ಲೆಕ್ಕದ ಪದ, ಮಗ್ಗಿಯ ಜೊತೆ ಕಾಲು, ಅರೆ, ವೀಸ ಕಲಿತವರಿಗೆ ಗೊತ್ತಿರುತ್ತದೆ. ಈ ಡೈಗಳ ಮರೆ, ಅಂದರೆ ತಿರುಪಿನ ಸುತ್ತು, ಇಂಚಿಗೆ ಹದಿನಾಲ್ಕು, ಹಾಗಾಗಿ ಒಂದು ಸುತ್ತಿಗೆ ಸುಮಾರು 71 ಥೌ, ಅರೆಕಾಲಿಗೆ 9 ಥೌ. ವೀಸ ಸುತ್ತು, ಅಂದರೆ ಹದಿನಾರರಲ್ಲಿ ಒಂದು ಭಾಗ, ನಾಲ್ಕೂವರೆ. ಎಷ್ಟು ಅನುಕೂಲದ ಪದಗಳಿವು! ಇಂಥ ಕೆಲಸಗಳಿಗೆ ಇವನ್ನು ಮತ್ತೆ ಬಳಕೆಗೆ ತರಬೇಕು ಅನ್ನುವುದು ನನ್ನ ಆಸೆ.

ಬೇರೆ ಜಾಗದಲ್ಲಿ ಉಜ್ಜಿದ್ದರೆ ರೋಗವೂ ಬೇರೆ, ಅವಕ್ಕೂ ಪದ ಬೇಕು. ಬುಡದ ಹತ್ತಿರ ಉಜ್ಜಿದರೆ ಮೈ ಸಾಕಷ್ಟು ಅದುಮಿಲ್ಲ ಅಂತ, ಬೇರೆಯವರ ರೈಫಲ್ಲಿನ ಅಗಲ ಗೂಡಿನಲ್ಲಿ ಹಾರಿಸಿದ ಚಿಪ್ಪುಗಳಲ್ಲಿ ಹೀಗಾಗುತ್ತೆ. ಬಾಯಿ ತಾಗುತ್ತಿದ್ದರೆ ಚಿಪ್ಪು ಉದ್ದವಾಗಿದೆ ಅಂತ ಅರ್ಥ. .308ಕ್ಕೆ 2.015 ಇಂಚು ಮಿತಿ, ದಾಟಿದರೆ 2.005ಕ್ಕೆ ತರುತ್ತಾರೆ. ಆ ಕೆಲಸಕ್ಕೆ ‘ಕತ್ತರಿಸು’ ಅನ್ನದೆ ‘ಸವರು’ ಅನ್ನೋಣ, ಕೊಂಬೆ ಸವರುತ್ತೇವಲ್ಲ. ಬಾಯಿ ಸವರದೆ ಬಲವಂತವಾಗಿ ಕೂರಿಸಿದರೆ ಬಾಯಿ ಗುಂಡನ್ನು ಕಚ್ಚಿ ಹಿಡಿದು ಒತ್ತಡ ವಿಪರೀತ ಏರುತ್ತದೆ. ಇನ್ನೊಂದು, ಡೈಯಿಂದ ಹೊರಗೆ ಎಳೆಯುವಾಗ ಕಂಠದ ಒಳಗೆ ಹಾದುಬರುವ ಡೈಯ ಉಂಡೆಗೆ ಎಣ್ಣೆ ಪಸೆ ಇಲ್ಲದಿದ್ದರೆ ಅದು ಕಂಠವನ್ನೂ ಹೆಗಲನ್ನೂ ಮುಂದಕ್ಕೆ ಎಳೆದುಬಿಡುತ್ತದೆ, ಸರಿಯಾಗಿ ಅದುಮಿದ್ದೂ ವ್ಯರ್ಥ. ಖಾಲಿ ಚಿಪ್ಪು ಕೂತು, ತುಂಬಿದ್ದು ಕೂರದಿದ್ದರೆ ಆಗ ಅದುಮುವ ಡೈಯನ್ನು ದೂರಬಾರದು. ಗುಂಡು ಉದ್ದಕ್ಕೆ ನಿಂತು ನಳಿಗೆಯ ಸುರುಳಿ ಗೆರೆಗೆ ತಾಗುತ್ತಿರಬಹುದು, ಇಲ್ಲವೇ ಬಾಯಿ ಬಿಗಿಯುವಾಗ ಜಾಸ್ತಿ ಒತ್ತಿ ಹೆಗಲು ಉಬ್ಬಿರಬಹುದು.

ಕೊನೆಯದು ನಾಗಮಂಗಲದ ಕಡೆಯವರಿಗೆ, ಹಿತ್ತಾಳೆ ಬಡಿಯುವ ಮನೆತನದವರು ಎಲ್ಲೇ ಇದ್ದರೂ ಅವರಿಗೆ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ ಎಪ್ಪತ್ತು ತಾಮ್ರ, ಮೂವತ್ತು ಸತು. ಹಾರಿಸಿ ಅದುಮಿ, ಹಾರಿಸಿ ಅದುಮಿ ಅದು ಗಡುಸಾಗುತ್ತದೆ. ಗಡುಸಾದ ಮೇಲೆ ಡೈ ಹೇಳಿದ ಅಳತೆಗೆ ನಿಲ್ಲುವುದಿಲ್ಲ, ಪುಟಿದು ಹಿಂದಕ್ಕೆ ಬರುತ್ತದೆ. ಆಗ ಕಂಠ ಮತ್ತು ಹೆಗಲನ್ನು ಮಾತ್ರ ಕಾಯಿಸಿ ಮೆದು ಮಾಡುತ್ತಾರೆ. ಬುಡಕ್ಕೆ ಕಾವು ತಾಗಬಾರದು, ಬುಡ ಮೆತ್ತಗಾದರೆ ಒತ್ತಡ ತಡೆಯುವುದಿಲ್ಲ. ಕಾಯಿಸಿ ಮೆದು ಮಾಡುವುದಕ್ಕೆ ‘ಹದ ಮಾಡು’ ಅಂದುಕೊಂಡಿದ್ದೇನೆ. ಆದರೆ ಕಮ್ಮಾರರಲ್ಲಿ ಹದ ಅಂದರೆ ಉಕ್ಕನ್ನು ಗಡುಸು ಮಾಡುವುದೂ ಆಗುತ್ತಲ್ಲ? ಒಂದೇ ಪದ ಎರಡು ದಿಕ್ಕಿಗೆ ಹೋದರೆ ಇಲ್ಲಿ ತೊಂದರೆ. ಪಾತ್ರೆ ಬಡಿಯುವಾಗ ಮಧ್ಯೆ ಮಧ್ಯೆ ಕಾಯಿಸುವುದಕ್ಕೆ ನಿಮ್ಮ ಮನೆಗಳಲ್ಲಿ ಏನನ್ನುತ್ತಿದ್ದರು? ಹಾಗೆಯೇ, ಅದುಮಿದ ಲೋಹ ಪುಟಿದು ಹಿಂದೆ ಬರುವುದಕ್ಕೆ ಬೇರೆ ಪದ ಇದೆಯಾ? ಹಿರಿಯರು ಇದ್ದರೆ ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿ.

ಕೂರಳತೆ ಬೇಡ ಅನ್ನುವವರು ಬದಲಿ ಪದವನ್ನೂ ಜೊತೆಗೇ ಕೊಡಿ. ಭಾವನಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ, ಅವರಿಗೆ ಒಂದೇ ಸಲಕ್ಕೆ ತಿಳಿದದ್ದನ್ನು ಇಟ್ಟುಕೊಳ್ಳೋಣ.